ದಿನಾ ಎಣ್ಣೆ ಬಿಟ್ಟರೂ ರೋಟರಿ ವಾಲ್ವ್ ಯಾಕೆ ನಿಧಾನ?

ಪ್ರಶ್ನೆ: ಬೇರೊಬ್ಬರು ಬಳಸಿದ್ದ ಡಬಲ್ ಫ್ರೆಂಚ್ ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆಯ ಊದುವಾದ್ಯ) ಒಂದನ್ನು ಕೊಂಡಿದ್ದೇನೆ. ದಿನಾ ನುಡಿಸುವ ಮೊದಲು ವಾಲ್ವ್ ಸ್ಲೈಡ್‌ಗಳನ್ನು (ಎಳೆದು ತೆಗೆಯಬಹುದಾದ ಬಾಗಿದ ಕೊಳವೆಗಳು) ಎಳೆದು ಕೊಳವೆಯೊಳಗೆ ಎಣ್ಣೆ ಬಿಡುತ್ತೇನೆ. ಆದರೂ ಮೂರನೇ ವಾಲ್ವ್ ಒತ್ತಿ ಬಿಟ್ಟರೆ ತೂಕಡಿಸಿಕೊಂಡು ಮೇಲೆ ಬರುತ್ತದೆ, ಎರಡನೆಯದು ಟಕಟಕ ಸದ್ದು ಮಾಡುತ್ತದೆ. ಇನ್ನೂ ತೆಳುವಾದ ಎಣ್ಣೆ ತರಬೇಕೇ? ಲಿವರ್‌ಗೂ ಮೊದಲನೇ ವಾಲ್ವ್‌ಗೂ ಕಟ್ಟಿರುವ ದಾರ ಎಳೆ ಬಿಟ್ಟಿದೆ, ನಾನೇ ಬದಲಿಸಬಹುದೇ? ವಾಲ್ವ್‌ಗಳನ್ನು ಮನೆಯಲ್ಲೇ ಬಿಚ್ಚಿ ತೊಳೆಯಬಹುದೇ?

ಉತ್ತರ: ತೆಳು ಎಣ್ಣೆಯ ಆಲೋಚನೆಯನ್ನು ಸದ್ಯಕ್ಕೆ ಬಿಡಿ. ನೀವು ಎಣ್ಣೆ ಬಿಡುತ್ತಿರುವ ಜಾಗಕ್ಕೂ ವಾಲ್ವ್ ಎಷ್ಟು ಚುರುಕಾಗಿ ಓಡುತ್ತದೆ ಎಂಬುದಕ್ಕೂ ಸಂಬಂಧ ಬಹಳ ಕಡಿಮೆ. ಬಾಗಿಲು ಕಿರ್ರೆನ್ನುತ್ತದೆಂದು ಕೀಲು ಬಿಟ್ಟು ಹಲಗೆಗೆ ಎಣ್ಣೆ ಸವರಿದ ಹಾಗಾಗಿದೆ. ರೋಟರಿ ವಾಲ್ವ್ ಬಳಸುವ ಅನೇಕರು ಇದನ್ನೇ ಮಾಡುವುದು, ಅದರಲ್ಲೂ ಮೊದಲು ಟ್ರಂಪೆಟ್ ನುಡಿಸಿ ಆಮೇಲೆ ಹಾರ್ನ್ ಹಿಡಿದವರು.

ಟ್ರಂಪೆಟ್‌ನ ಪಿಸ್ಟನ್ ತನ್ನ ಕೊಳವೆಯ ಗೋಡೆಗೆ ಉಜ್ಜಿಕೊಂಡೇ ಮೇಲೆ ಕೆಳಗೆ ಓಡುತ್ತದೆ. ಅಲ್ಲಿ ಎಣ್ಣೆ ಒಣಗಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಬಿಟ್ಟರೆ ಮತ್ತೆ ಓಡುತ್ತದೆ. ರೋಟರ್, ಅಂದರೆ ರೋಟರಿ ವಾಲ್ವ್‌ನೊಳಗೆ ತಿರುಗುವ ಉರುಳೆ, ಹಾಗಲ್ಲ. ಅದು ಕೇಸಿಂಗ್ ಎಂಬ ಹೊರಗವಚದೊಳಗೆ ಕಾಲು ಸುತ್ತು, ಅಂದರೆ 90 ಡಿಗ್ರಿ ಮಾತ್ರ ತಿರುಗುತ್ತದೆ. ಅದರ ಎರಡೂ ತುದಿಯಲ್ಲಿ ಸ್ಪಿಂಡಲ್ ಎಂಬ ಸಣ್ಣ ಅಚ್ಚು ಇದೆ. ಆ ಸ್ಪಿಂಡಲ್‌ಗಳು ಎರಡು ಬೇರಿಂಗ್‌ಗಳಲ್ಲಿ ಕೂತಿವೆ. ಸರಿಯಾಗಿ ಕೂತ ರೋಟರ್‌ನ ಮೈ ಕೇಸಿಂಗ್ ಗೋಡೆಗೆ ಎಲ್ಲೂ ತಾಗುವುದಿಲ್ಲ, ನಡುವೆ ಕೂದಲೆಳೆಗಿಂತ ಕಿರಿದಾದ ಸಂದು ಇರುತ್ತದೆ. ಸ್ಲೈಡ್ ಕೊಳವೆಯಿಂದ ನೀವು ಬಿಡುವ ಎಣ್ಣೆ ಹೋಗಿ ತುಂಬುವುದು ಆ ಸಂದನ್ನು. ಗಾಳಿ ಸೋರದಂತೆ ತಡೆಯುವುದು, ಹಿತ್ತಾಳೆಗೆ ಕಿಲುಬು ಹಿಡಿಯದಂತೆ ಕಾಯುವುದು ಅದರ ಕೆಲಸ. ಲೋಹಕ್ಕೆ ಲೋಹ ಉಜ್ಜುವುದು ಬೇರಿಂಗ್‌ಗಳಲ್ಲಿ, ಲಿವರ್‌ನ ಅಚ್ಚಿನಲ್ಲಿ. ನೀವು ಬರೆದದ್ದರಲ್ಲಿ ಆ ಎರಡಕ್ಕೂ ಎಣ್ಣೆ ಬಿಟ್ಟ ಸುದ್ದಿಯೇ ಇಲ್ಲ.

ಹೀಗಾಗಿ ಒಂದೇ ವಾಲ್ವ್‌ಗೆ ಮೂರು ಬಗೆಯ ಎಣ್ಣೆ ಬೇಕು. ರೋಟರ್ ಮೈಗೆ ನೀರಿನಂತೆ ತೆಳುವಾದದ್ದು, ಬೇರಿಂಗ್‌ಗೆ ಅದಕ್ಕಿಂತ ದಪ್ಪ, ಲಿವರ್‌ಗೆ ಮತ್ತು ಅದನ್ನು ವಾಲ್ವ್‌ಗೆ ಕೂಡಿಸುವ ಲಿಂಕೇಜ್‌ಗೆ ಇನ್ನೂ ದಪ್ಪ. ಬಾಟಲಿಗಳ ಮೇಲೆ ರೋಟರ್ ಆಯಿಲ್, ಬೇರಿಂಗ್ ಆಯಿಲ್, ಲಿಂಕೇಜ್ ಅಥವಾ ಲಿವರ್ ಆಯಿಲ್ ಎಂದು ಬರೆದಿರುತ್ತದೆ. ಕೆಲವು ಕಂಪನಿಗಳು ಹೆಸರಿನ ಜೊತೆ ನಂಬರ್ ಕೊಡುತ್ತವೆ: ಹೆಟ್‌ಮನ್ ಸಾಲಿನಲ್ಲಿ 11 ಮತ್ತು 12 ರೋಟರ್‌ಗೆ, 13 ಮತ್ತು 14 ಬೇರಿಂಗ್ ಹಾಗೂ ಲಿಂಕೇಜ್‌ಗೆ, 15 ಬಾಲ್ ಜಾಯಿಂಟ್ ಎಂಬ ಗುಂಡು ಕೀಲಿಗೆ. ನಂಬರ್ ಏರಿದಂತೆ ಎಣ್ಣೆ ದಪ್ಪ. ಮೂರು ಬಾಟಲಿ ಕೊಳ್ಳಲು ಮನಸ್ಸಿಲ್ಲದಿದ್ದರೆ ಎರಡಾದರೂ ಇರಲಿ, ರೋಟರ್‌ಗೆ ಒಂದು, ಉಳಿದೆಲ್ಲಕ್ಕೂ ನಡುದಪ್ಪದ ಇನ್ನೊಂದು. ಲಿವರ್ ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುವವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಅಡುಗೆ ಎಣ್ಣೆ ಮಾತ್ರ ಯಾವ ಕಾರಣಕ್ಕೂ ಬೇಡ. ಗಾಳಿ ತಾಗಿ ಕ್ರಮೇಣ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ. ಅದರಲ್ಲಿ ಹೆಚ್ಚಿನ ಪಾಲು ಆರಿಹೋಗುವ ದ್ರಾವಕ. ಮೊದಲೆರಡು ದಿನ ವಾಲ್ವ್ ಭಾರೀ ಚುರುಕಾದಂತೆ ಕಾಣುತ್ತದೆ, ಆಮೇಲೆ ಉಳಿಯುವುದು ಜಿಗುಟು.

ಪೆಟ್ರೋಲಿಯಂ ಎಣ್ಣೆಗೂ ಸಿಂಥೆಟಿಕ್ ಎಣ್ಣೆಗೂ ಜಗಳ ಹಚ್ಚಬೇಡಿ. ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಸಿಂಥೆಟಿಕ್ ನಿಧಾನವಾಗಿ ಆರುತ್ತದೆ, ಅದೊಂದು ಅನುಕೂಲ. ಆದರೆ ಒಂದರ ಮೇಲೊಂದು ಸುರಿದರೆ ಕೆಲವು ಜೋಡಿಗಳು ಗಟ್ಟಿಯಾಗಿ ಪೇಸ್ಟ್‌ನಂತಾಗುತ್ತವೆ. ನಿಮ್ಮದು ಬೇರೊಬ್ಬರ ಕೈಯಿಂದ ಬಂದ ಹಾರ್ನ್. ಅವರು ಯಾವುದನ್ನು ಬಿಡುತ್ತಿದ್ದರೋ ಗೊತ್ತಿಲ್ಲ. ಮೂರನೇ ವಾಲ್ವ್ ಎಳೆದಾಡುವುದಕ್ಕೆ ಇದೂ ಒಂದು ಕಾರಣ ಇದ್ದೀತು.

ಈಗ ಎಣ್ಣೆ ಬಿಡುವ ಕ್ರಮ. ಬೇರಿಂಗ್‌ನಿಂದಲೇ ಶುರುಮಾಡೋಣ. ವಾಲ್ವ್‌ನ ಒಂದು ಬದಿಯಲ್ಲಿ ದುಂಡನೆಯ ಮುಚ್ಚಳ ಇದೆ. ಅದನ್ನು ಕೈಯಿಂದಲೇ ತಿರುಗಿಸಿ ತೆಗೆಯಿರಿ. ಬಿಗಿಯಾಗಿದ್ದರೆ ರಬ್ಬರ್ ತುಂಡನ್ನು ಸುತ್ತಿ ತಿರುಗಿಸಿ, ಇಕ್ಕಳ ಹಾಕಬೇಡಿ. ಅಂಚು ಜಜ್ಜಿದರೆ ಮುಂದೆ ಅದು ಯಾವತ್ತೂ ಸಲೀಸಾಗಿ ಬರುವುದಿಲ್ಲ. ಒಳಗೆ ಹಿತ್ತಾಳೆಯ ಬಿಲ್ಲೆ ಕಾಣುತ್ತದೆ, ಅದೇ ಬೇರಿಂಗ್ ಪ್ಲೇಟ್. ಅದರ ನಟ್ಟನಡುವೆ ಸ್ಪಿಂಡಲ್‌ನ ತುದಿ ಇಣುಕುತ್ತಿರುತ್ತದೆ. ಹಾರ್ನ್ ಅನ್ನು ತೊಡೆಯ ಮೇಲೆ ಮಲಗಿಸಿ, ಆ ಬದಿ ಮೇಲೆ ಬರುವಂತೆ ಹಿಡಿದು, ಸ್ಪಿಂಡಲ್‌ಗೂ ಬಿಲ್ಲೆಗೂ ನಡುವಿನ ವೃತ್ತಾಕಾರದ ಗೆರೆಯ ಮೇಲೆ ಬೇರಿಂಗ್ ಎಣ್ಣೆ ಒಂದೇ ಹನಿ ಇಡಿ. ಸೂಜಿಮೂತಿಯ ಬಾಟಲಿ ಇದ್ದರೆ ಕೆಲಸ ಹಗುರ. ಲಿವರ್ ಅನ್ನು ನಿಧಾನವಾಗಿ ಇಪ್ಪತ್ತು ಸಲ ಒತ್ತಿ ಬಿಡಿ. ಹನಿ ತಾನಾಗಿ ಒಳಗಿಳಿದು ಮೇಲ್ಮೈ ಒಣಗಿದಂತಾಗುವುದನ್ನು ಕಣ್ಣಾರೆ ನೋಡಬಹುದು. ಹಾಗೆ ಒಳಗೆ ಎಳೆದುಕೊಂಡಿತೆಂದರೆ ಬೇರಿಂಗ್ ಒಣಗಿತ್ತು ಎಂದೇ ಲೆಕ್ಕ, ಇನ್ನೊಂದು ಹನಿ ಕೊಡಿ. ಹನಿ ಅಲ್ಲೇ ನಿಂತರೆ ಸಾಕು, ಉಳಿದದ್ದನ್ನು ಬಟ್ಟೆಯಿಂದ ಒರೆಸಿ ಮುಚ್ಚಳ ಹಾಕಿ.

ಎರಡನೇ ಬೇರಿಂಗ್ ಇರುವುದು ದಾರದ ಬದಿಯಲ್ಲಿ. ಇದನ್ನು ಮರೆಯುವವರೇ ಹೆಚ್ಚು, ಏಕೆಂದರೆ ತೆರೆಯಲು ಮುಚ್ಚಳವಿಲ್ಲ. ದಾರ ಸುತ್ತಿರುವ ಸ್ಟಾಪ್ ಆರ್ಮ್ ಎಂಬ ತುಂಡಿನ ಕೆಳಗೆ, ಕೇಸಿಂಗ್‌ನಿಂದ ಸ್ಪಿಂಡಲ್ ಹೊರಬರುವ ಕಡೆ, ಕಾಗದ ತೂರುವಷ್ಟು ಸಂದು ಇರುತ್ತದೆ. ಸೂಜಿಮೂತಿಯನ್ನು ಓರೆಯಾಗಿ ಅಲ್ಲಿಗೆ ತಾಗಿಸಿ ಒಂದು ಹನಿ ಬಿಡಿ, ಮತ್ತೆ ಲಿವರ್ ಆಡಿಸಿ. ದಾರಕ್ಕೆ, ಕಾರ್ಕ್‌ಗೆ ಎಣ್ಣೆ ಹತ್ತದಿರಲಿ. ಎಣ್ಣೆ ಕುಡಿದ ಕಾರ್ಕ್ ಬೇಗ ಮೆತ್ತಗಾಗಿ ಕಳಚಿಕೊಳ್ಳುತ್ತದೆ.

ಲಿವರ್‌ಗಳಿಗೆ ಬರೋಣ. ಮೂರು ಲಿವರ್‌ಗಳ ಕೆಳಗೆ ಉದ್ದಕ್ಕೆ ಒಂದು ಕಡ್ಡಿ ಹಾದುಹೋಗಿರುತ್ತದೆ, ಲಿವರ್‌ಗಳು ತಿರುಗುವುದು ಅದರ ಮೇಲೆ. ಒಂದು ಲಿವರ್‌ಗೂ ಇನ್ನೊಂದಕ್ಕೂ ನಡುವಿನ ಸಂದಿನಲ್ಲಿ ದಪ್ಪ ಎಣ್ಣೆಯ ಒಂದೊಂದು ಹನಿ. ಸುರುಳಿ ಸ್ಪ್ರಿಂಗ್ ಲಿವರ್‌ಗೆ ತಾಗಿ ಜಾರುವ ಜಾಗಕ್ಕೂ ಸ್ವಲ್ಪ ಮುಟ್ಟಿಸಿ. ದಾರದ ಬದಲು ಬಾಲ್ ಜಾಯಿಂಟ್ ಇರುವ ವಾದ್ಯವಾದರೆ ಆ ಗುಂಡು ಕೀಲುಗಳಿಗೂ. ಇಷ್ಟೇ.

ಕಡೆಯಲ್ಲಿ ರೋಟರ್. ನೀವು ಈಗಾಗಲೇ ಮಾಡುತ್ತಿರುವ ಕೆಲಸ, ಆದರೆ ಮಾಡುವ ವಿಧಾನದಲ್ಲಿ ಒಂದು ಕಂಟಕವಿದೆ. ಸ್ಲೈಡ್ ಎಳೆದ ಮೇಲೆ ತೆರೆದ ಕೊಳವೆಯ ಒಳಗೋಡೆಗೆ ಗ್ರೀಸ್ ಮೆತ್ತಿಕೊಂಡಿರುತ್ತದೆ. ಅದರ ಮೇಲಿಂದ ತೆಳು ಎಣ್ಣೆ ಹರಿದರೆ ಗ್ರೀಸ್ ಕರಗಿ ಎಣ್ಣೆಯ ಜೊತೆ ಸೀದಾ ರೋಟರ್‌ಗೆ ಇಳಿಯುತ್ತದೆ. ದಿನಾ ಹೀಗಾದರೆ ಆ ಕೂದಲೆಳೆಯ ಸಂದಿನಲ್ಲಿ ಎಣ್ಣೆಯ ಬದಲು ಗ್ರೀಸ್ ತುಂಬುತ್ತದೆ. ವಾಲ್ವ್ ನಿಧಾನವಾಯಿತೆಂದು ನೀವು ಇನ್ನಷ್ಟು ಎಣ್ಣೆ ಬಿಡುತ್ತೀರಿ, ಅದು ಇನ್ನಷ್ಟು ಗ್ರೀಸ್ ಇಳಿಸುತ್ತದೆ. ನಿಮ್ಮ ಮೂರನೇ ವಾಲ್ವ್ ವಿಷಯದಲ್ಲಿ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಹಾರ್ನ್‌ನಲ್ಲಿ ಮೂರನೇ ವಾಲ್ವ್‌ಗೆ ಉಳಿದವಕ್ಕಿಂತ ಕೆಲಸ ಕಡಿಮೆ. ಆಡದ ವಾಲ್ವ್‌ನಲ್ಲಿ ಜಿಡ್ಡು ಬೇಗ ಕೂರುತ್ತದೆ.

ಉಪಾಯ ಸುಲಭ. ಎಣ್ಣೆಯನ್ನು ವಾದ್ಯದ ಕೊಳವೆಗೆ ಬಿಡಬೇಡಿ, ಕೈಯಲ್ಲಿರುವ ಸ್ಲೈಡ್‌ನ ಕಾಲಿನೊಳಗೆ ಬಿಡಿ. ಗ್ರೀಸ್ ಇರುವುದು ಸ್ಲೈಡ್‌ನ ಹೊರಮೈಗೆ, ಒಳಗೆ ಸ್ವಚ್ಛ. ಮೂರು ನಾಲ್ಕು ಹನಿ ಬಿಟ್ಟು, ಎಣ್ಣೆ ಚೆಲ್ಲದಂತೆ ಸ್ಲೈಡ್‌ನ ಬಾಯಿ ಮೇಲೆ ಮಾಡಿಕೊಂಡು ವಾದ್ಯಕ್ಕೆ ತೂರಿಸಿ, ಆಮೇಲೆ ಹಾರ್ನ್ ತಿರುಗಿಸಿ ವಾಲ್ವ್ ಕಡೆಗೆ ವಾಲಿಸಿ. ಎಣ್ಣೆ ಗ್ರೀಸ್ ಮುಟ್ಟದೆ ರೋಟರ್ ತಲುಪುತ್ತದೆ. ಲಿವರ್ ಆಡಿಸುತ್ತಾ ಹಾರ್ನ್ ಅನ್ನು ಸುತ್ತಲೂ ಒಮ್ಮೆ ಉರುಳಿಸಿದರೆ ಎಣ್ಣೆ ಎಲ್ಲ ಕಡೆ ಹರಡುತ್ತದೆ. ಉದ್ದನೆಯ ಸೂಜಿಮೂತಿ ಇದ್ದವರು ಗೋಡೆಗೆ ತಾಗದಂತೆ ಕೊಳವೆಯ ಆಳಕ್ಕೆ ಇಳಿಸಿ ಬಿಡುವುದೂ ಉಂಟು, ಕೈ ಸ್ಥಿರವಾಗಿರಬೇಕು.

ಸ್ಲೈಡ್ ಎಳೆಯುವಾಗ ಆ ವಾಲ್ವ್‌ನ ಲಿವರ್ ಒತ್ತಿ ಹಿಡಿದಿರಿ. ಡಬಲ್ ಹಾರ್ನ್‌ನಲ್ಲಿ ಎಫ್ ಮತ್ತು ಬಿ ಫ್ಲ್ಯಾಟ್ ಎಂಬ ಎರಡು ಕೊಳವೆ ಸಾಲುಗಳಿವೆ, ಒಂದರಿಂದ ಇನ್ನೊಂದಕ್ಕೆ ಬದಲಿಸುವುದು ಹೆಬ್ಬೆರಳಿನ ವಾಲ್ವ್. ಬಿ ಫ್ಲ್ಯಾಟ್ ಬದಿಯ ಸ್ಲೈಡ್ ಆದರೆ ಆ ವಾಲ್ವ್ ಕೂಡ ಆ ಬದಿಗೆ ತಿರುಗಿರಲಿ. ಒತ್ತದೆ ಎಳೆದರೆ ಒಳಗೆ ನಿರ್ವಾತ ಉಂಟಾಗಿ ಠಪ್ ಎನ್ನುತ್ತದೆ, ರೋಟರ್ ಮೇಲಿನ ಎಣ್ಣೆಯ ಪದರ ಅಷ್ಟೂ ಕದಡುತ್ತದೆ. ಆದರೆ ಇದೇ ಠಪ್ ಒಂದು ಪರೀಕ್ಷೆಯಾಗಿಯೂ ಒದಗುತ್ತದೆ. ಎಂದಾದರೊಮ್ಮೆ ಎಫ್ ಬದಿಯ ಸ್ಲೈಡ್ ಅನ್ನು ಲಿವರ್ ಒತ್ತದೆ ಅರ್ಧ ಎಳೆದು, ಕೆಲವು ಸೆಕೆಂಡ್ ತಡೆದು, ಆಮೇಲೆ ಲಿವರ್ ಒತ್ತಿ ನೋಡಿ. ಆಗ ಗಟ್ಟಿಯಾಗಿ ಠಪ್ ಎಂದರೆ ಗಾಳಿ ಸೋರುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಸೋರಿಕೆ ರೋಟರ್‌ನಲ್ಲಿರಬಹುದು, ಸ್ಲೈಡ್‌ನಲ್ಲೂ ಇರಬಹುದು. ಸ್ಲೈಡ್‌ಗೆ ಹೊಸ ಗ್ರೀಸ್ ಹಚ್ಚಿ ಮತ್ತೆ ನೋಡಿ. ಆಗಲೂ ಸದ್ದಿಲ್ಲದಿದ್ದರೆ ರೋಟರ್ ಸವೆದಿದೆ, ಅಂಥದ್ದಕ್ಕೆ ತುಸು ದಪ್ಪನೆಯ ರೋಟರ್ ಎಣ್ಣೆ ಒಳ್ಳೆಯದು. ಹಳೆಯ ವಾದ್ಯಕ್ಕೆ ತೆಳು ಎಣ್ಣೆ ಹುಡುಕುವವರು ಉಲ್ಟಾ ದಿಕ್ಕಿನಲ್ಲಿ ಹೋಗುತ್ತಿರುತ್ತಾರೆ.

ನುಡಿಸುವ ಮೊದಲು ಬಿಡುತ್ತೇನೆ ಎಂದಿದ್ದೀರಿ. ನುಡಿಸಿದ ಮೇಲೆ ಬಿಡುವುದು ಉತ್ತಮ ಎಂಬುದು ನನ್ನ ಮತ. ಉಸಿರಿನ ತೇವ, ಎಂಜಲು ಒಳಗೆ ಕೂತು ಕಿಲುಬು ಹಿಡಿಸುವುದು ಹಾರ್ನ್ ಪೆಟ್ಟಿಗೆಯಲ್ಲಿ ಮಲಗಿರುವ ಹೊತ್ತಿನಲ್ಲಿ. ನುಡಿಸಿ ಮುಗಿದ ಕೂಡಲೇ ನೀರು ಪೂರ್ತಿ ಬಸಿದು, ಎರಡು ಮೂರು ಹನಿ ರೋಟರ್ ಎಣ್ಣೆ ಬಿಟ್ಟು, ಲಿವರ್‌ಗಳನ್ನು ಆಡಿಸಿ ಇಟ್ಟರೆ ರಾತ್ರಿಯಿಡೀ ಲೋಹದ ಮೇಲೆ ಎಣ್ಣೆಯ ಪದರ ಇರುತ್ತದೆ. ದಿನಾ ನುಡಿಸುವವರಿಗೆ ರೋಟರ್ ಎಣ್ಣೆ ವಾರಕ್ಕೆ ಮೂರು ಸಲ ಸಾಕು, ದಿನಾ ಬಿಟ್ಟರೂ ನಷ್ಟವಿಲ್ಲ. ಬೇರಿಂಗ್‌ಗೆ ವಾರಕ್ಕೊಮ್ಮೆ, ಲಿವರ್‌ಗೆ ತಿಂಗಳಿಗೊಮ್ಮೆ. ಸಿಹಿ ಪಾನೀಯ ಕುಡಿದು ನೇರ ನುಡಿಸಲು ಕೂರುವ ಅಭ್ಯಾಸವಿದ್ದರೆ ಬಾಯಿ ಮುಕ್ಕಳಿಸಿ ಕೂತುಕೊಳ್ಳಿ. ಸಕ್ಕರೆ ರೋಟರ್ ಮೇಲೆ ಒಣಗಿದರೆ ಯಾವ ಎಣ್ಣೆಯೂ ಅದನ್ನು ಕರಗಿಸುವುದಿಲ್ಲ.

ಈಗ ಮೂರನೇ ವಾಲ್ವ್‌ನ ರೋಗ ಪತ್ತೆ. ಮೇಲಿನಂತೆ ಎಲ್ಲ ಕಡೆ ಎಣ್ಣೆ ಬಿಟ್ಟು ಎರಡು ದಿನ ನುಡಿಸಿ ನೋಡಿ. ಅರ್ಧ ಪಾಲು ವಾದ್ಯಗಳು ಇಷ್ಟಕ್ಕೇ ದಾರಿಗೆ ಬರುತ್ತವೆ. ಬರಲಿಲ್ಲವೆಂದರೆ ದಾರ ಬಿಚ್ಚಿ, ರೋಟರ್ ಮತ್ತು ಲಿವರ್ ಎರಡನ್ನೂ ಬೇರೆ ಬೇರೆ ಮಾಡಿ. ದಾರವಿಲ್ಲದ ಲಿವರ್ ಒತ್ತಿ ಬಿಟ್ಟರೆ ಚಟ್ಟನೆ ಮೇಲೆ ಹಾರಬೇಕು. ಹಾರದೆ ಸೋಮಾರಿಯಾಗಿ ಬಂದರೆ ತಪ್ಪು ಲಿವರ್‌ನದ್ದು: ಅಚ್ಚಿನಲ್ಲಿ ಹಳೆ ಎಣ್ಣೆ ಅಂಟಾಗಿರಬಹುದು, ಪಕ್ಕದ ಲಿವರ್‌ಗೆ ಉಜ್ಜುತ್ತಿರಬಹುದು, ಸ್ಪ್ರಿಂಗ್ ಸೋತಿರಬಹುದು. ಲಿವರ್ ಸರಿಯಿದ್ದರೆ ಸ್ಟಾಪ್ ಆರ್ಮ್ ಅನ್ನು ಬೆರಳ ತುದಿಯಿಂದ ಆ ಕಡೆ ಈ ಕಡೆ ತಳ್ಳಿ. ಆರೋಗ್ಯವಂತ ರೋಟರ್ ಊದಿದರೆ ತಿರುಗುವಷ್ಟು ಹಗುರ ಇರುತ್ತದೆ ಎಂದರೆ ಅತಿಶಯ, ಆದರೆ ಬೆರಳಿಗೆ ತಡೆ ಗೊತ್ತಾಗಬಾರದು. ಇಡೀ ಕಾಲು ಸುತ್ತಿನಲ್ಲೂ ಒಂದೇ ಸಮನೆ ಜಿಗುಟಾಗಿದ್ದರೆ ಅದು ಗ್ರೀಸ್ ಅಥವಾ ಹಳೆ ಎಣ್ಣೆ. ಒಂದು ನಿರ್ದಿಷ್ಟ ಜಾಗದಲ್ಲಿ ಮಾತ್ರ ಮರಳು ಸಿಕ್ಕಿದಂತೆ ಕಚ್ಚಿದರೆ ಕಸ ಇದೆ, ಇಲ್ಲವೇ ಕೇಸಿಂಗ್‌ಗೆ ಪೆಟ್ಟು ಬಿದ್ದು ಒಳಗೆ ನೆಗ್ಗಿದೆ.

ಜಿಗುಟು ಎಂದಾದರೆ ಬಿಚ್ಚದೆ ತೊಳೆಯಬಹುದು. ಸ್ಲೈಡ್ ತೆಗೆದು ಕೊಳವೆಯ ಒಳಗಿನ ಗ್ರೀಸನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಚೆನ್ನಾಗಿ ಒರೆಸಿ. ಆಮೇಲೆ ರೋಟರ್ ಎಣ್ಣೆಯನ್ನು ಧಾರಾಳವಾಗಿ, ಹದಿನೈದು ಇಪ್ಪತ್ತು ಹನಿ ಬಿಟ್ಟು, ರೋಟರ್ ಅನ್ನು ಒಂದೆರಡು ನಿಮಿಷ ಆಡಿಸಿ, ಬೋರಲು ಹಾಕಿ ಬಿಳಿ ಬಟ್ಟೆಯ ಮೇಲೆ ಬಸಿಯಿರಿ. ಮೊದಲು ಬರುವುದು ಹಸಿರು ಮಿಶ್ರಿತ ಬೂದು ಬಣ್ಣದ ರಾಡಿ. ಬಟ್ಟೆಯ ಮೇಲೆ ಎಣ್ಣೆ ತಿಳಿಯಾಗಿ ಬೀಳುವ ತನಕ ಮತ್ತೆ ಮತ್ತೆ ಮಾಡಿ. ಒಂದು ಸಣ್ಣ ಬಾಟಲಿ ಖಾಲಿಯಾದರೂ ರಿಪೇರಿಗೆ ಹಾಕುವುದಕ್ಕಿಂತ ಅಗ್ಗವೇ.

ಇನ್ನೊಂದು ಮಾತು, ಮೂರನೇ ಲಿವರ್ ಒತ್ತುವುದು ಉಂಗುರದ ಬೆರಳು. ಅದು ಹುಟ್ಟಾ ಮಂದ. ದಾರ ಬಿಚ್ಚಿದಾಗ ರೋಟರ್, ಲಿವರ್ ಎರಡೂ ಸಲೀಸಾಗಿದ್ದರೆ ವಾದ್ಯವನ್ನು ಬಿಟ್ಟು ಬೆರಳಿಗೆ ಅಭ್ಯಾಸ ಕೊಡಿ.

ಟಕಟಕ ಸದ್ದಿನ ಮೂಲ ಹುಡುಕಲು ಕಿವಿಗಿಂತ ಬೆರಳೇ ವಾಸಿ. ಎರಡನೇ ವಾಲ್ವ್‌ನ ಸ್ಟಾಪ್ ಆರ್ಮ್ ಮೇಲೆ ಎಡಗೈ ಬೆರಳನ್ನು ಹಗುರವಾಗಿ ಇಟ್ಟು ಲಿವರ್ ಒತ್ತಿ. ಲಿವರ್ ಸ್ವಲ್ಪ ದೂರ ಇಳಿದ ಮೇಲೆ ಆರ್ಮ್ ಕದಲಿದರೆ ದಾರ ಸಡಿಲ ಅಥವಾ ಸ್ಕ್ರೂ ಸಡಿಲ. ಸಣ್ಣ ಸ್ಕ್ರೂಡ್ರೈವರ್ ಹಿಡಿದು ಎಲ್ಲ ಸ್ಕ್ರೂಗಳನ್ನೂ ಒಮ್ಮೆ ತಿರುಗಿಸಿ ನೋಡಿ, ಅರ್ಧ ಸುತ್ತು ಬಿಗಿಯುವುದರಲ್ಲೇ ಸದ್ದು ನಿಂತ ಉದಾಹರಣೆ ಬೇಕಾದಷ್ಟಿವೆ. ಸದ್ದು ಎರಡೂ ಕೊನೆಗಳಲ್ಲಿ, ಅಂದರೆ ಪೂರ್ತಿ ಒತ್ತಿದಾಗ ಮತ್ತು ಪೂರ್ತಿ ಬಿಟ್ಟಾಗ ಬಂದರೆ ಬಂಪರ್ ನೋಡಿ. ಸ್ಟಾಪ್ ಆರ್ಮ್ ಹೋಗಿ ತಾಗುವ ಎರಡು ಪುಟ್ಟ ತುಂಡುಗಳು ಅವು, ಕಾರ್ಕ್ ಇಲ್ಲವೇ ನಿಯೋಪ್ರೀನ್ ರಬ್ಬರ್. ಕಾರ್ಕ್ ಕಾಲಕ್ರಮೇಣ ಕಲ್ಲಿನಂತೆ ಗಟ್ಟಿಯಾಗಿ ಚಪ್ಪಟೆಯಾಗುತ್ತದೆ, ಆಗ ಲೋಹ ಲೋಹಕ್ಕೆ ಬಡಿದಂತೆ ಕೇಳಿಸುತ್ತದೆ. ಇವೆರಡೂ ಅಲ್ಲದಿದ್ದರೆ ಸ್ಟಾಪ್ ಆರ್ಮ್ ಅನ್ನು ಎರಡು ಬೆರಳಲ್ಲಿ ಹಿಡಿದು ಸ್ಪಿಂಡಲ್‌ನ ಉದ್ದಕ್ಕೆ ಮೇಲೆ ಕೆಳಗೆ ಅಲುಗಿಸಿ. ಕಟ್ ಎಂದು ಬೆರಳಿಗೆ ತಿಳಿದರೆ ಬೇರಿಂಗ್ ಸವೆದಿದೆ. ದಪ್ಪನೆಯ ಬೇರಿಂಗ್ ಎಣ್ಣೆ ಆ ಸದ್ದನ್ನು ಕೆಲಕಾಲ ಅಡಗಿಸಿಡುತ್ತದೆ. ಸವೆತ ಹೋಗುವುದಿಲ್ಲ, ಬೇರಿಂಗ್ ಬಿಗಿಮಾಡುವುದು ರಿಪೇರಿಯವರ ಕೈಕೆಲಸ.

ಬಂಪರ್ ಬರೀ ಸದ್ದಿಗಲ್ಲ, ರೋಟರ್ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವುದೂ ಅದೇ. ಮುಚ್ಚಳ ತೆಗೆದಾಗ ಬೇರಿಂಗ್ ಪ್ಲೇಟ್ ಮೇಲೆ ಸಣ್ಣ ಗೀರುಗಳು ಕಾಣುತ್ತವೆ, ಸ್ಪಿಂಡಲ್ ತುದಿಯಲ್ಲೂ ಗೀರಿದೆ. ಲಿವರ್ ಬಿಟ್ಟಾಗ ಸ್ಪಿಂಡಲ್ ಗೀರು ಪ್ಲೇಟ್‌ನ ಒಂದು ಗೀರಿಗೆ ನೇರ ಬರಬೇಕು, ಒತ್ತಿದಾಗ ಇನ್ನೊಂದಕ್ಕೆ. ದಾಟಿ ಹೋಗುತ್ತಿದ್ದರೆ ಬಂಪರ್ ಸವೆದಿದೆ, ತಲುಪದಿದ್ದರೆ ಬಂಪರ್ ದಪ್ಪವಾಗಿದೆ, ಬ್ಲೇಡ್‌ನಿಂದ ಎಳೆಯಷ್ಟು ಹೆರೆಯಬೇಕು. ಗೀರು ತಪ್ಪಿದರೆ ರೋಟರ್‌ನ ತೂತು ಮತ್ತು ಕೊಳವೆಯ ತೂತು ಪೂರ್ತಿ ಎದುರುಬದುರಾಗುವುದಿಲ್ಲ. ಆಗ ಆ ವಾಲ್ವ್‌ನ ಸ್ವರಗಳು ಮಾತ್ರ ಉಸಿರುಕಟ್ಟಿದಂತೆ ಕೇಳುತ್ತವೆ. ಮೌತ್‌ಪೀಸ್ ಬದಲಿಸುವ ಮೊದಲು ಈ ಗೀರುಗಳನ್ನು ನೋಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇರುತ್ತೇನೆ, ಯಾರೂ ಕೇಳುವುದಿಲ್ಲ.

ದಾರ ನೀವೇ ಕಟ್ಟಬಹುದು, ಕಟ್ಟಲು ಕಲಿಯಲೇಬೇಕು. ಅದು ಹರಿಯುವುದು ಸಾಮಾನ್ಯವಾಗಿ ಕಛೇರಿಯ ನಡುವೆ. ಹೆಣೆದ ದಾರ ಬೇಕು; ಮೀನು ಹಿಡಿಯಲು ಬಳಸುವ ಹೆಣೆದ ಡ್ಯಾಕ್ರಾನ್ ದಾರ ಚೆನ್ನಾಗಿ ಬಾಳುತ್ತದೆ. ಒಂಟಿ ಎಳೆಯ ನೈಲಾನ್ ಬೇಡ, ಜಗ್ಗುತ್ತದೆ ಮತ್ತು ಗಂಟು ನಿಲ್ಲುವುದಿಲ್ಲ. ಒಂದು ಗೇಣು ಸಾಕಾಗುತ್ತದೆ, ಕೈಗೆ ಸಿಗಲೆಂದು ಸ್ವಲ್ಪ ಉದ್ದವೇ ಕತ್ತರಿಸಿ. ಒಂದು ಸಲಕ್ಕೆ ಒಂದೇ ವಾಲ್ವ್‌ನ ದಾರ ಬಿಚ್ಚಿ, ಪಕ್ಕದ ವಾಲ್ವ್ ನೋಡಿಕೊಂಡು ಕಟ್ಟಲು ಮಾದರಿಯಾಗುತ್ತದೆ. ಮೊದಲು ಫೋನ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ದಾರದ ಒಂದು ತುದಿಗೆ ಗಟ್ಟಿ ಗಂಟು ಹಾಕಿ, ಇನ್ನೊಂದು ತುದಿಯನ್ನು ಲಿವರ್ ತೋಳಿನ ಒಳಗಿನ ತೂತಿನಲ್ಲಿ ತೂರಿಸಿ ಎಳೆಯಿರಿ, ಗಂಟು ತೂತಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಸ್ಟಾಪ್ ಆರ್ಮ್‌ನ ದುಂಡು ಭಾಗವನ್ನು ಒಂದು ಬದಿಯಿಂದ ಬಳಸಿಕೊಂಡು, ಆರ್ಮ್ ಮೇಲಿನ ಸಣ್ಣ ಸ್ಕ್ರೂಗೆ ಒಂದು ಸುತ್ತು ಹಾಕಿ, ದುಂಡು ಭಾಗದ ಇನ್ನೊಂದು ಬದಿಯಿಂದ ಹೊರತಂದು ಲಿವರ್ ತೋಳಿನ ತುದಿಯ ತೂತಿಗೆ ಏರಿಸಿ, ಅಲ್ಲಿನ ಸ್ಕ್ರೂಗೆ ಸುತ್ತಿ ಬಿಗಿಯಿರಿ. ಮೇಲಿನಿಂದ ನೋಡಿದರೆ 8ರ ಆಕಾರ ಕಾಣಬೇಕು. ಸುತ್ತು ಉಲ್ಟಾ ಆದರೆ ಲಿವರ್ ಇಳಿಯುವುದೇ ಇಲ್ಲ, ಹಾಗಾಗಿ ತಪ್ಪು ತಕ್ಷಣ ಗೊತ್ತಾಗುತ್ತದೆ. ಆಮೇಲೆ ಆರ್ಮ್ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಲಿವರ್ ಅನ್ನು ಉಳಿದೆರಡರ ಮಟ್ಟಕ್ಕೆ ಹಿಡಿದು, ಸ್ಕ್ರೂ ಮತ್ತೆ ಬಿಗಿದರೆ ಎತ್ತರ ಸರಿಹೋಗುತ್ತದೆ. ಉಳಿದ ತುದಿಯನ್ನು ಪೂರ್ತಿ ಕತ್ತರಿಸದೆ ಒಂದು ಸೆಂಟಿಮೀಟರ್ ಬಿಡಿ. ಹೊಸ ದಾರ ಮೊದಲ ವಾರ ಕೊಂಚ ಜಗ್ಗುತ್ತದೆ, ಇನ್ನೊಮ್ಮೆ ಬಿಗಿಯಬೇಕಾಗುತ್ತದೆ.

ಬಿಚ್ಚಿ ತೊಳೆಯುವ ಪ್ರಶ್ನೆಗೆ ನನ್ನ ಉತ್ತರ: ಬೇಡ, ಕನಿಷ್ಠ ಈ ಹಾರ್ನ್ ಮೇಲೆ ಬೇಡ. ಪಿಸ್ಟನ್ ಎಳೆದು ಒರೆಸಿ ಹಾಕಿದಷ್ಟು ಸುಲಭದ ಕೆಲಸ ಇದಲ್ಲ. ರೋಟರ್ ಹೊರಬರಬೇಕಾದರೆ ದಾರದ ಬದಿಯಿಂದ ಸ್ಪಿಂಡಲ್ ಅನ್ನು ಕುಟ್ಟಿ ಬೇರಿಂಗ್ ಪ್ಲೇಟ್ ಸಮೇತ ಆಚೆ ತಳ್ಳಬೇಕು. ತಿಳಿದವರು ಸ್ಟಾಪ್ ಆರ್ಮ್‌ನ ನಡುವಿನ ದೊಡ್ಡ ಸ್ಕ್ರೂವನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಸಡಿಲಿಸಿ, ಆ ಸ್ಕ್ರೂ ತಲೆಯ ಮೇಲೆ ಪ್ಲಾಸ್ಟಿಕ್ ಅಥವಾ ಚರ್ಮದ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಾರೆ. ಸ್ಕ್ರೂ ತೆಗೆದು ಬರೀ ಸ್ಪಿಂಡಲ್ ಮೇಲೆ ಕಬ್ಬಿಣದ ಸುತ್ತಿಗೆ ಬಿದ್ದರೆ ಅದರ ತುದಿ ಅರಳಿಕೊಂಡು ಬೇರಿಂಗ್‌ನಿಂದ ಹೊರಬರುವುದೇ ಇಲ್ಲ. ವಾಪಸ್ ಹಾಕುವುದು ಇನ್ನೂ ಸೂಕ್ಷ್ಮ. ಒಂದು ವಾಲ್ವ್‌ನ ರೋಟರ್ ಇನ್ನೊಂದಕ್ಕೆ ಕೂರುವುದಿಲ್ಲ. ಬೇರಿಂಗ್ ಪ್ಲೇಟ್ ಅಂಚಿನ ಗೀರು ಕೇಸಿಂಗ್‌ನ ಗೀರಿಗೆ ಸರಿಯಾಗಿ ಕೂಡಬೇಕು, ಪ್ಲೇಟ್ ಸುತ್ತಲೂ ಸಮನಾಗಿ ಇಳಿಯಬೇಕು. ಒಂದು ಕಡೆ ಎಳೆಯಷ್ಟು ಎತ್ತರ ನಿಂತರೂ ರೋಟರ್ ಓರೆಯಾಗಿ ಗೋಡೆಗೆ ಉಜ್ಜುತ್ತದೆ. ಕಲಿಯುವ ಆಸೆ ಇದ್ದರೆ ರಿಪೇರಿಯವರ ಪಕ್ಕ ಕೂತು, ಕೆಲಸಕ್ಕೆ ಬಾರದ ಹಳೆಯ ವಾದ್ಯದ ಮೇಲೆ ಕೈ ಪಳಗಿಸಿಕೊಳ್ಳಿ.

ಮನೆಯಲ್ಲಿ ಮಾಡಬಹುದಾದ ಸ್ನಾನ ಬೇರೆ. ಸ್ಲೈಡ್‌ಗಳನ್ನೆಲ್ಲ ತೆಗೆದು, ಉಗುರುಬೆಚ್ಚನೆಯ ನೀರಿಗೆ ಸೌಮ್ಯವಾದ ಪಾತ್ರೆ ತೊಳೆಯುವ ದ್ರವ ಸ್ವಲ್ಪ ಬೆರೆಸಿ, ಮೌತ್‌ಪೈಪ್ (ಮೌತ್‌ಪೀಸ್ ಕೂರುವ ಮೊದಲ ಕೊಳವೆ) ಮತ್ತು ಸ್ಲೈಡ್‌ಗಳನ್ನು ಬಳುಕುವ ಬ್ರಷ್‌ನಿಂದ ತೊಳೆಯಿರಿ. ಬ್ರಷ್ ವಾಲ್ವ್‌ವರೆಗೆ ಹೋಗಬಾರದು. ನೀರು ಬಿಸಿಯಾದರೆ ಲ್ಯಾಕರ್, ಅಂದರೆ ಮೇಲಿನ ಹೊಳಪಿನ ಲೇಪ, ಏಳುತ್ತದೆ. ತೊಳೆದ ಮೇಲೆ ನೀರು ಪೂರ್ತಿ ಬಸಿದು ರೋಟರ್, ಬೇರಿಂಗ್, ಲಿವರ್ ಮೂರಕ್ಕೂ ಹೊಸದಾಗಿ ಎಣ್ಣೆ ಬಿಡಲು ಮರೆಯಬೇಡಿ. ಸೋಪು ನೀರು ಇದ್ದ ಎಣ್ಣೆಯನ್ನೂ ಹೊತ್ತುಕೊಂಡು ಹೋಗಿರುತ್ತದೆ. ಒಳಗೆ ಕಟ್ಟಿದ ಸುಣ್ಣದ ಪದರ ಇದಕ್ಕೆ ಬಗ್ಗುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ರಿಪೇರಿಯವರಲ್ಲಿ ಬಿಚ್ಚಿಸಿ, ರಾಸಾಯನಿಕ ಅಥವಾ ಅಲ್ಟ್ರಾಸಾನಿಕ್ ವಿಧಾನದಲ್ಲಿ ತೊಳೆಸುವುದೇ ದಾರಿ.

ಟ್ಯೂಬಾ ನುಡಿಸುವವರಿಗೂ ಮೇಲೆ ಹೇಳಿದ್ದೆಲ್ಲ ಅನ್ವಯ, ರೋಟರ್ ದೊಡ್ಡದಾದ್ದರಿಂದ ಹನಿಗಳು ಒಂದೆರಡು ಹೆಚ್ಚು ಬೇಕು. ಟ್ರೊಂಬೋನ್‌ನ ಎಫ್ ಅಟ್ಯಾಚ್‌ಮೆಂಟ್ (ಸ್ವರ ಇಳಿಸುವ ಹೆಚ್ಚುವರಿ ಕೊಳವೆಗೆ ತಿರುಗಿಸುವ ವಾಲ್ವ್) ಸಾಧಾರಣ ರೋಟರ್ ಆಗಿದ್ದರೆ ಕ್ರಮ ಇದೇ. ಥೇಯರ್ ಅವರ ಶಂಕುವಿನಾಕಾರದ ಆಕ್ಸಿಯಲ್ ಫ್ಲೋ ವಾಲ್ವ್ ಅಥವಾ ಹ್ಯಾಗ್‌ಮನ್ ವಾಲ್ವ್ ಇದ್ದರೆ ತಯಾರಕರು ಹೇಳಿದ ಎಣ್ಣೆ, ಹೇಳಿದ ಜಾಗ. ಅಲ್ಲಿ ಹಾರ್ನ್‌ನ ಲೆಕ್ಕ ನಡೆಯುವುದಿಲ್ಲ. ರೋಟರಿ ವಾಲ್ವ್‌ಗೆ 1835ರಲ್ಲಿ ಪೇಟೆಂಟ್ ಪಡೆದದ್ದು ವಿಯೆನ್ನಾದ ಜೋಸೆಫ್ ರೀಡ್ಲ್. ತಮಾಷೆ ನೋಡಿ, ಅದೇ ಊರಿನ ವಿಯೆನ್ನಾ ಫಿಲ್ಹಾರ್ಮೋನಿಕ್‌ನಲ್ಲಿ ಟ್ರಂಪೆಟ್‌ನವರು ರೋಟರಿ ಹಿಡಿದಿದ್ದಾರೆ, ಹಾರ್ನ್‌ನವರು ಇವತ್ತಿಗೂ ಜೋಡಿ ಪಿಸ್ಟನ್‌ನ ಹಳೆಯ ಪಂಪೆನ್ ವಾಲ್ವ್ ಬಿಟ್ಟುಕೊಟ್ಟಿಲ್ಲ.

ಹಲವು ತಿಂಗಳು ಮುಟ್ಟದೆ ಇಟ್ಟ ಹಾರ್ನ್‌ನಲ್ಲಿ ವಾಲ್ವ್ ಕಚ್ಚಿಕೊಂಡಿರುವುದು ಸಾಮಾನ್ಯ. ಅಂಥಾಗ ಲಿವರ್ ಮೇಲೆ ಬಲ ಹಾಕಬೇಡಿ, ದಾರ ಹರಿಯುತ್ತದೆ ಇಲ್ಲವೇ ತೋಳು ಬಗ್ಗುತ್ತದೆ. ಎರಡೂ ಬೇರಿಂಗ್‌ಗೆ ಮತ್ತು ಸ್ಲೈಡ್ ಮೂಲಕ ರೋಟರ್‌ಗೆ ತೆಳು ಎಣ್ಣೆ ಬಿಟ್ಟು, ರಾತ್ರಿ ಕಳೆಯಲು ಬಿಟ್ಟು, ಬೆಳಿಗ್ಗೆ ಸ್ಟಾಪ್ ಆರ್ಮ್ ಅನ್ನು ಬೆರಳಿಂದ ಮೆಲ್ಲನೆ ತಿರುಗಿಸಿ ನೋಡಿ. ಕದಲಿದರೆ ಇನ್ನಷ್ಟು ಎಣ್ಣೆ ಬಿಟ್ಟು ಆಡಿಸಿ, ಬಿಡಿಸಿಕೊಂಡ ಮೇಲೆ ಬೇರಿಂಗ್‌ಗೆ ಅದರ ಎಣ್ಣೆ ಕೊಡಿ. ಎರಡು ದಿನವಾದರೂ ಜಪ್ಪಯ್ಯ ಅನ್ನದಿದ್ದರೆ ರಿಪೇರಿಗೆ ಕೊಡಿ. ಕೊಡುವಾಗ "ವಾಲ್ವ್ ಸರಿಯಿಲ್ಲ" ಎಂದಷ್ಟೇ ಹೇಳದೆ ಯಾವ ವಾಲ್ವ್, ದಾರ ಬಿಚ್ಚಿದಾಗ ರೋಟರ್ ಹೇಗಿತ್ತು, ಲಿವರ್ ಹೇಗಿತ್ತು, ಈವರೆಗೆ ಯಾವ ಎಣ್ಣೆ ಬಿಟ್ಟಿದ್ದೀರಿ ಎಂಬುದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಇಡಿ.